ಮುನಿರತ್ನಮ್ಮನ ಅಂಗೈಗೆ ಇಟ್ಟ ಸೋಡಿಯಂ ಕಾಳಿನ ಬಗ್ಗೆ

ನನ್ನ ಹೆಸರು ಕೋದಂಡಪ್ಪ, ತಂದೆಯ ಹೆಸರು ಚಿಕ್ಕವೆಂಕಟಪ್ಪ, ವಯಸ್ಸು ನಲವತ್ತೆರಡು ವರ್ಷ. ಕಸುಬು ಖಾಸಗಿ ಹೈಸ್ಕೂಲೊಂದರ ವಿಜ್ಞಾನ ಕೊಠಡಿಯಲ್ಲಿ ಅಟೆಂಡರ್, ಆ ಕೆಲಸವೂ ನಿನ್ನೆ ಸಂಜೆಗೆ ಮುಗಿದಿದೆ. ವಾಸ ಬೌರಿಂಗ್‌ಪೇಟೆ, ಅಂದರೆ ಜನ ಬಂಗಾರಪೇಟೆ ಎನ್ನುವ ಊರು, ರೈಲ್ವೆ ಗೇಟಿನ ಹಿಂದಿನ ಸಾಲುಮನೆ. ಈ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಾನು ಹಿಂದೆ ಒಂಬತ್ತು ವರ್ಷ ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿ ಅದಿರು ಪರೀಕ್ಷೆ ಮಾಡುವ ಕೊಠಡಿಯಲ್ಲಿ ಸೀಸೆ ತೊಳೆಯುವ ಕೆಲಸ ಮಾಡಿದ್ದೇನೆ. ಯಾವ ಸೀಸೆಯನ್ನು ಒದ್ದೆ ಕೈಯಲ್ಲಿ ಮುಟ್ಟಬಾರದು ಎಂಬುದನ್ನು ಅಲ್ಲೇ ಕಲಿತೆ. 1929ನೇ ಇಸವಿಯಿಂದ ಹೈಸ್ಕೂಲಿನಲ್ಲಿದ್ದೆ. ಅಲ್ಲಿ ಏಳು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವವರು ಬಿ.ಎಸ್‌ಸಿ. ಪಾಸಾದ ಮುನಿನಾರಾಯಣಪ್ಪನವರು. ಇವರು ಮಾದಮುತ್ತನಹಳ್ಳಿಯ ಪಟೇಲ ದೊಡ್ಡವೆಂಕಟಪ್ಪನವರ ಸೋದರಳಿಯ. ಪಟೇಲರ ಮಗಳನ್ನು ಇವರಿಗೆ ಕೊಡುವ ಮಾತು ನಡೆದಿದೆ.

ಮುಂದಿನ ಸಂಗತಿ ಅರ್ಥವಾಗಬೇಕಾದರೆ ಒಂದು ವಿಷಯ ತಿಳಿದಿರಬೇಕಾದ್ದರಿಂದ ಅದನ್ನು ಇಲ್ಲೇ ಹೇಳುತ್ತೇನೆ. ನಮ್ಮ ಕೊಠಡಿಯ ಗೋಡೆಗೆ ಮೂಲವಸ್ತುಗಳ ಆವರ್ತಕೋಷ್ಟಕವನ್ನು ತೂಗುಹಾಕಿದೆ. ಮಾಸಿದ ಅಕ್ಷರಗಳನ್ನು ಮಸಿಯಲ್ಲಿ ತಿದ್ದಿದವನು ನಾನೇ. ಎಡಗಡೆಯ ಮೊದಲ ಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಮೊದಲಾದವು ಇವೆ. ಇವಕ್ಕೆ ಕ್ಷಾರಲೋಹಗಳು ಎನ್ನುತ್ತಾರೆ. ಪಕ್ಕದ ಸಾಲಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಬೇರಿಯಂ ಇವೆ. ಇವು ಕ್ಷಾರಮೃತ್ತಿಕೆ ಲೋಹಗಳು. ನಾವು ಎಲೆಗೆ ಹಚ್ಚುವ ಸುಣ್ಣ ಇವುಗಳ ಮನೆತನದ್ದು. ಸೋಡಿಯಂ ಬೆಣ್ಣೆಯ ಹಾಗೆ ಚಾಕುವಿಗೆ ಕೊಯ್ಯುತ್ತದೆ. ಗಾಳಿ ತಾಗಿದರೆ ಕಪ್ಪಾಗುತ್ತದೆ, ನೀರು ತಾಗಿದರೆ ಕುದಿದು ಹಳದಿ ಉರಿ ಕಾರುತ್ತದೆ. ಆದ್ದರಿಂದ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಟ್ಟಿರುತ್ತೇವೆ. ಮೆಗ್ನೀಷಿಯಂ ತಣ್ಣೀರಿನಲ್ಲಿ ಇಡೀ ದಿನ ಬಿದ್ದಿದ್ದರೂ ಏನೂ ಆಗುವುದಿಲ್ಲ. ಮೇಲಿನ ಮಬ್ಬು ಕೆರೆದರೆ ಎರಡೂ ಬೆಳ್ಳಿಯಂತೆ ಹೊಳೆಯುತ್ತವೆ. ಗೊತ್ತಿಲ್ಲದವರು ನೋಡಿ ಬೇರೆ ಮಾಡಲಾರರು. ಮುನಿನಾರಾಯಣಪ್ಪನವರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಪ್ರತಿ ವರ್ಷ ನೀರಿನ ತೊಟ್ಟಿಗೆ ಸೋಡಿಯಂ ಹಾಕಿ ತೋರಿಸುವಾಗ ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಸಿ, ಮಕ್ಕಳನ್ನು ಆರು ಅಡಿ ಹಿಂದೆ ನಿಲ್ಲಿಸುತ್ತಾರೆ. ಆ ಗೆರೆಯನ್ನು ಎಳೆಯುವವನೂ ನಾನೇ.

ತಾರೀಖು 10-11-1938 ಗುರುವಾರ ಸಂಜೆ ನಾಲ್ಕೂಕಾಲು ಗಂಟೆಗೆ ಮುನಿನಾರಾಯಣಪ್ಪನವರು ಕೊಠಡಿಗೆ ಬಂದು, ಮೆಗ್ನೀಷಿಯಂ ಪಟ್ಟಿಯನ್ನು ಉಂಡೆ ಸುತ್ತಿ ಸುತ್ತಿಗೆಯಲ್ಲಿ ತಟ್ಟಿ ಅವರೆಕಾಳಿನ ಗಾತ್ರದ ನಾಲ್ಕು ಕಾಳು ಮಾಡಿಡಬೇಕೆಂದೂ, ಅದೇ ಗಾತ್ರದ ಒಂದು ಸೋಡಿಯಂ ತುಂಡನ್ನು ಮರುದಿನ ಬೆಳಿಗ್ಗೆ ಕೊಯ್ದು ಕೊಡಬೇಕೆಂದೂ ಹೇಳಿದರು. ಯಾವ ತರಗತಿಗೆ ಎಂದು ಕೇಳಿದೆ. ಮೊದಲ ಸಾಲಿಗೂ ಎರಡನೆಯ ಸಾಲಿಗೂ ಇರುವ ವ್ಯತ್ಯಾಸ ತೋರಿಸುವುದಕ್ಕೆ ಎಂದರು. ಪಾಠಕ್ಕೆ ತೊಗರಿಕಾಳಿನಷ್ಟು ಸಾಕು, ಇದು ಹೆಚ್ಚಾಯಿತು ಎಂದೆ. ಹೇಳಿದಷ್ಟು ಮಾಡು ಎಂದರು. ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ನನ್ನ ಕೈಯಿಂದಲೇ ಸೋಡಿಯಂ ಕೊಯ್ದು, ಸೀಮೆಎಣ್ಣೆ ಇರುವ ಸಣ್ಣ ಸೀಸೆಗೆ ಹಾಕಿ, ಉಳಿದ ನಾಲ್ಕು ಕಾಳುಗಳ ಜೊತೆ ಅವರ ಕೈಗೆ ಕೊಟ್ಟೆ. ಆ ದಿನ ಅವರು ಆ ಪಾಠ ಮಾಡಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ರಜೆ ಹಾಕಿ ಹೋದರು.

ನನ್ನ ಅಕ್ಕ ನರಸಮ್ಮ ಮಾದಮುತ್ತನಹಳ್ಳಿಯಲ್ಲಿದ್ದಾಳೆ. ಅವಳ ಹಸು ಈದಿತ್ತು, ಗಿಣ್ಣುಹಾಲು ತೆಗೆದುಕೊಂಡು ಹೋಗು ಎಂದು ಹೇಳಿ ಕಳಿಸಿದ್ದಳು. ಅದಕ್ಕಾಗಿ ಶುಕ್ರವಾರ ಎರಡೂವರೆಗೆ ಅಪ್ಪಣೆ ಪಡೆದು ಹೊರಟು, ಮೂರು ಮೈಲಿ ನಡೆದು ಮೂರೂವರೆಗೆ ಆ ಊರು ಸೇರಿದೆ. ಅಕ್ಕ ಹೇಳಿದ ಮೇಲೆ ತಿಳಿದದ್ದೇನೆಂದರೆ, ಸೋಮವಾರ ಪಟೇಲರ ಹೆಂಡತಿ ಅಮ್ಮಾಜಮ್ಮನವರ ಕಾಸಿನ ಸರ ಕಾಣೆಯಾಗಿತ್ತು. ಆ ಮನೆಯಲ್ಲಿ ಕಸ ಮುಸುರೆ ಮಾಡುವ, ರಾಗಿ ಬೀಸುವ ಹೆಂಗಸರು ಐದು ಜನ. ಐದು ಜನಕ್ಕೂ ಆ ಶುಕ್ರವಾರ ಸಂಜೆ ಗಂಗಮ್ಮನ ಗುಡಿಯ ಮುಂದೆ ಪ್ರಮಾಣ ಇಟ್ಟಿದ್ದರು. ಅವರಲ್ಲಿ ಒಬ್ಬಳು ಮುನಿರತ್ನಮ್ಮ, ವಯಸ್ಸು ಇಪ್ಪತ್ತಾರು. ಗಂಡ ಮುನಿಸ್ವಾಮಪ್ಪ ಕೋರಮಂಡಲ್ ಗಣಿಯಲ್ಲಿ ಕೂಲಿ, ಭಾನುವಾರ ಮಾತ್ರ ಊರಿಗೆ ಬರುತ್ತಾನೆ. ಸೋಮವಾರ ಆ ಕೋಣೆ ಗುಡಿಸಿದವಳು ಅವಳೇ ಆದ್ದರಿಂದ ಪಟೇಲರಿಗೆ ಅವಳ ಮೇಲೆಯೇ ಗುಮಾನಿ ಎಂದು ಅಕ್ಕ ಹೇಳಿದಳು.

ನಾಲ್ಕೂವರೆಗೆ ಅಕ್ಕನ ಜೊತೆ ಗುಡಿಯ ಹತ್ತಿರ ಹೋದೆ. ಸುಮಾರು ಎಪ್ಪತ್ತು ಜನ ಸೇರಿದ್ದರು. ಪಟೇಲರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಪೂಜಾರಿ ಚಿಕ್ಕಮುನಿಯಪ್ಪನ ಪಕ್ಕದಲ್ಲಿ ಮುನಿನಾರಾಯಣಪ್ಪನವರು ಪಂಚೆ ಉಟ್ಟು, ಎರಡೂ ಕೈಗೆ ವಿಭೂತಿ ಪುಡಿ ಸವರಿಕೊಂಡು ನಿಂತಿದ್ದರು. ತಟ್ಟೆಯಲ್ಲಿ ಐದು ವೀಳ್ಯದೆಲೆ, ಒಂದೊಂದರ ಮೇಲೂ ತುಪ್ಪ ಮೆತ್ತಿದ ಒಂದೊಂದು ಕಾಳು. ನಾನು ಹತ್ತು ಗಜ ದೂರದಲ್ಲಿದ್ದೆ. ಅವು ನಾನು ಮಾಡಿಕೊಟ್ಟ ಕಾಳುಗಳು ಎಂದು ಮೊದಲು ಹೊಳೆಯಲಿಲ್ಲ.

ಪೂಜಾರಿ ಎಲ್ಲರಿಗೂ ಕೇಳುವಂತೆ ಹೇಳಿದ್ದು ಹೀಗೆ: ಇವು ಅಮ್ಮನ ಕಾಳು, ಅರಿಶಿನದ ತೀರ್ಥದಲ್ಲಿ ಬಲಗೈ ಅದ್ದಿ ಕಾಳನ್ನು ಮುಷ್ಟಿಯಲ್ಲಿ ಹಿಡಿದು ಗುಡಿಯನ್ನು ಮೂರು ಸುತ್ತು ಬರಬೇಕು, ಕದ್ದವಳ ಕೈಯನ್ನು ಅಮ್ಮ ಸುಡುತ್ತಾಳೆ, ಮೂರು ಸುತ್ತು ಮುಗಿಯುವ ಮೊದಲೇ ಮುಷ್ಟಿ ಬಿಚ್ಚಿದವಳೂ ಕಳ್ಳಿಯೇ. ಗುಡಿಯ ಒಂದು ಸುತ್ತು ನಲವತ್ತು ಹೆಜ್ಜೆ. ಇದನ್ನು ಆಮೇಲೆ ನಾನೇ ನಡೆದು ಎಣಿಸಿದ್ದೇನೆ.

ಎಲೆಯನ್ನು ಎತ್ತಿ ಕೊಡುತ್ತಿದ್ದವರು ಮುನಿನಾರಾಯಣಪ್ಪನವರು. ನಾಲ್ಕು ಜನ ಒಬ್ಬರಾದ ಮೇಲೆ ಒಬ್ಬರು ಸುತ್ತಿ ಬಂದು ಮುಷ್ಟಿ ಬಿಚ್ಚಿ ತೋರಿಸಿದರು, ಏನೂ ಆಗಿರಲಿಲ್ಲ. ಮುನಿರತ್ನಮ್ಮ ಕೊನೆಯವಳು. ಅವಳಿಗೆ ಉಳಿಸಿದ್ದ ಎಲೆಯ ತುದಿಯನ್ನು ಉಗುರಿನಿಂದ ಚಿವುಟಿ ಗುರುತು ಮಾಡಿತ್ತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೀರ್ಥದಲ್ಲಿ ಮಣಿಕಟ್ಟಿನವರೆಗೆ ಕೈ ಅದ್ದಿ, ದೇವರ ಕಡೆ ನೋಡಿ, ಕಾಳು ಹಿಡಿದು ಹೊರಟಳು. ಭಯದ ಮುಖ ಇರಲಿಲ್ಲ. ಅವಳು ನನ್ನ ಮುಂದೆಯೇ ಹಾದುಹೋದಾಗ ನನಗೆ ತುಪ್ಪದ ವಾಸನೆಯೊಳಗಿಂದ ಸೀಮೆಎಣ್ಣೆಯ ವಾಸನೆ ಬಂತು. ಆಗ ನನಗೆ ಗೊತ್ತಾಯಿತು.

ಗೊತ್ತಾದ ಕೂಡಲೇ ನಾನು ಕೂಗಲಿಲ್ಲ. ಮೇಷ್ಟರ ಕಡೆ ನೋಡಿದೆ. ಅವರೂ ನನ್ನನ್ನು ನೋಡಿ, ಇಲ್ಲ ಎಂಬಂತೆ ಒಂದೇ ಒಂದು ಸಲ ತಲೆ ಅಲ್ಲಾಡಿಸಿದರು. ನನಗೆ ನನ್ನ ಕೆಲಸದ ಯೋಚನೆ ಬಂತು. ತುಪ್ಪ ಕರಗುವವರೆಗೆ ನೀರು ಒಳಗೆ ಹೋಗುವುದಿಲ್ಲ, ಅಷ್ಟು ಹೊತ್ತು ಸಮಯ ಇತ್ತು. ಅವಳು ಹದಿನೈದು ಹೆಜ್ಜೆ ಹೋಗುವವರೆಗೆ ನಾನು ಸುಮ್ಮನಿದ್ದೆ. ಈ ಮಾತು ನನಗೇ ತೊಡಕಾಗುತ್ತದೆ, ಬರೆಯಬೇಕೇ ಎಂದು ಠಾಣೆಯ ರೈಟರು ಕೇಳಿದರು. ಬರೆಯಬೇಕೆಂದು ಹೇಳಿದ್ದೇನೆ.

ಹದಿನಾರನೆಯ ಹೆಜ್ಜೆಗೆ ಅವಳ ಮುಷ್ಟಿಯಿಂದ ಬಿಳಿ ಹೊಗೆ ಬಂತು. ನಾನು ಓಡಿ ಹೋಗಿ, ಕೈ ಬಿಚ್ಚಮ್ಮ, ಎಸೆದುಬಿಡು ಎಂದು ಕೂಗಿದೆ. ಅವಳು ನಿಲ್ಲಲಿಲ್ಲ. ಹಲ್ಲು ಕಚ್ಚಿಕೊಂಡು ನಡೆಯುತ್ತಲೇ ನನಗೆ ಹೇಳಿದ ಮಾತು:

“ಬಿಚ್ಚುದ್ರೆ ಕಳ್ಳಿ ಅಂತಾರೆ ಕಣಣ್ಣ. ಓಗು ಅತ್ಲಾಗೆ.”

ಅಲ್ಲಿಂದ ಆರೇಳು ಹೆಜ್ಜೆ ಹಾಗೇ ನಡೆದಳು. ಆಮೇಲೆ ಮುಷ್ಟಿಯೊಳಗೆ ಪಟ್ ಎಂದು ಸಿಡಿದು ಹಳದಿ ಉರಿ ಬೆರಳಿನ ಸಂದಿಯಿಂದ ಹೊರಗೆ ಬಂತು. ಅವಳು ಬಿದ್ದಳು. ಮಾಂಸ ಸುಟ್ಟ ವಾಸನೆ ಬಂತು. ನಾನು ಅವಳ ಮಣಿಕಟ್ಟು ಹಿಡಿದು, ಒಣ ಟವೆಲಿನಿಂದ ಅಂಗೈ ಕೆರೆದು, ದೀಪದ ಎಣ್ಣೆ ಕೊಡಿ, ನೀರು ಬೇಡ, ಲೋಹ ಪೂರ್ತಿ ತೆಗೆದ ಮೇಲೆ ನೀರು ಎಂದು ಹೇಳಿದೆ. ಅಮ್ಮನ ದೀಪದ ಎಣ್ಣೆಯನ್ನು ಕಳ್ಳಿಗೆ ಸೋಕಿಸುವುದಿಲ್ಲ ಎಂದು ಚಿಕ್ಕಮುನಿಯಪ್ಪ ಹೇಳಿ, ಅರಿಶಿನದ ತೀರ್ಥದ ಪಾತ್ರೆಯನ್ನು ಹಾಗೇ ಅವಳ ಕೈಮೇಲೆ ಸುರಿದ. ಚರ್ಮಕ್ಕೆ ಅಂಟಿದ್ದ ಚೂರು ಮತ್ತೆ ಉರಿಯಿತು. ತೀರ್ಥ ಅವಳ ಕೈಮೇಲೆ ಕೆಂಪಾಗಿ ಮಣ್ಣಿಗೆ ಇಳಿಯಿತು. ಅಮ್ಮ ರಕ್ತ ತೋರಿಸಿದಳು ಎಂದು ಜನ ಕೈಮುಗಿದರು. ಕೆಲವರು ಅಡ್ಡಬಿದ್ದರು.

ಅದು ರಕ್ತ ಅಲ್ಲ. ಸೋಡಿಯಂ ನೀರಿನಲ್ಲಿ ಕರಗಿದರೆ ಕ್ಷಾರ ಆಗುತ್ತದೆ, ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಸುಣ್ಣವೂ ಅದನ್ನೇ ಮಾಡುತ್ತದೆ. ಅರಿಶಿನದ ನೀರಿಗೆ ಸುಣ್ಣ ಕದಡಿ ಕೆಂಪಾರತಿ ಮಾಡುವುದನ್ನು ಅಲ್ಲಿದ್ದ ಪ್ರತಿಯೊಬ್ಬ ಹೆಂಗಸೂ ಬಲ್ಲಳು. ನನ್ನ ಅಕ್ಕನೂ ಬಲ್ಲಳು, ಅವಳೂ ಕೈಮುಗಿದಿದ್ದಳು. ಮುನಿನಾರಾಯಣಪ್ಪನವರು ಕರವಸ್ತ್ರದಿಂದ ಒಂದೊಂದೇ ಬೆರಳನ್ನು ಒರೆಸಿಕೊಂಡು, ತುದಿ ಚಿವುಟಿದ ಎಲೆಯನ್ನು ಚಪ್ಪಲಿ ಕಾಲಿನಿಂದ ಮಣ್ಣಿಗೆ ಒತ್ತಿದರು.

ನಾನು ಅವಳನ್ನು ಎತ್ತಿಕೊಂಡು ಐವತ್ತು ಗಜ ದೂರದ ದನಗಳ ನೀರಿನ ತೊಟ್ಟಿಗೆ ಒಯ್ದೆ. ಅಂಟಿದ್ದ ಚೂರುಗಳನ್ನು ಕಡ್ಡಿಯಿಂದ ತೆಗೆದು, ಕೈಯನ್ನು ಕಾಲು ಗಂಟೆ ನೀರಿನಲ್ಲಿ ಹಿಡಿದೆ. ಅಂಗೈ ನಡುವೆ ಸಾಬೂನಿನಂತೆ ಜಾರುತ್ತಿತ್ತು. ಅದು ಅವಳ ಚರ್ಮ. ಯಾರೂ ಹತ್ತಿರ ಬರಲಿಲ್ಲ. ನಾವು ತೊಟ್ಟಿಯ ಹತ್ತಿರ ಇರುವಾಗಲೇ ಗುಡಿಯ ಮುಂದೆ ಪಾನಕ, ಕೋಸಂಬರಿ ಹಂಚಲು ಶುರುಮಾಡಿದ್ದರು. ಮುತ್ತುಗದೆಲೆ ಹಿಡಿದು ಸಾಲಾಗಿ ಕುಳಿತಿದ್ದವರಲ್ಲಿ ಪ್ರಮಾಣ ಮಾಡಿದ ಉಳಿದ ನಾಲ್ಕು ಹೆಂಗಸರೂ ಇದ್ದರು. ಅವರನ್ನು ನಾನು ದೂರುವುದಿಲ್ಲ, ಏಳುವ ಧೈರ್ಯ ಅವರಿಗೆ ಇರಲಿಲ್ಲ. ಪಟೇಲರು ಎರಡನೆಯ ಸಲ ಕೋಸಂಬರಿ ಹಾಕಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ಐದೂಕಾಲಿಗೆ ಅಕ್ಕನ ಗಾಡಿ ಕಟ್ಟಿ ಮುನಿರತ್ನಮ್ಮನನ್ನು ಬಂಗಾರಪೇಟೆ ಸ್ಟೇಷನ್ನಿಗೆ ತಂದೆ. ಅಲ್ಲಿಂದ ಗಣಿಯ ರೈಲು ಹತ್ತಿ ಏಳೂಕಾಲಿಗೆ ಊರಿಗಾಂ ಸ್ಟೇಷನ್ನಿನಲ್ಲಿ ಇಳಿದು ಗಣಿಯ ಆಸ್ಪತ್ರೆಗೆ ಸೇರಿಸಿದೆ. ದಾರಿಯಲ್ಲಿ ಅವಳು ಅಳಲಿಲ್ಲ. ಗಾಡಿಯಲ್ಲಿ ಒಂದು ಸಲ, ಸುತ್ತು ಎಷ್ಟು ಬಂದೆ ಎಂದು ಮಾತ್ರ ಕೇಳಿದಳು. ಮರುದಿನ ಬೆಳಿಗ್ಗೆ ಡಾಕ್ಟರು ನಡುಬೆರಳನ್ನೂ ಉಂಗುರದ ಬೆರಳನ್ನೂ ಕತ್ತರಿಸಿದರು. ಗಂಡ ಮುನಿಸ್ವಾಮಪ್ಪನಿಗೆ ಕೋರಮಂಡಲ್‌ಗೆ ಹೇಳಿ ಕಳಿಸಿದೆ, ಪಾಳಿ ಮುಗಿಸಿ ಮೈಮೇಲಿನ ಧೂಳಿನೊಂದಿಗೇ ಬಂದ. ನಡೆದದ್ದನ್ನು ನಾನು ಪೂರ್ತಿ ಹೇಳಿದೆ, ಕಾಳು ಕೊಯ್ದವನು ನಾನೇ ಎಂಬುದನ್ನೂ ಹೇಳಿದೆ. ಅವನು ನನ್ನ ಮೇಲೆ ಕೈ ಮಾಡಲಿಲ್ಲ. ಬಾಗಿಲ ಹತ್ತಿರ ಹೋಗಿ ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟ.

ತಾರೀಖು 14ನೇ ಸೋಮವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮುನಿನಾರಾಯಣಪ್ಪನವರು ವಿಜ್ಞಾನದ ಕೊಠಡಿಗೆ ಬಂದರು. ಕೈಯಲ್ಲಿ ಕಾಫಿ ಲೋಟ ಇತ್ತು. ಸರ ಸಿಕ್ಕಿತು ಎಂದು ತಾವಾಗಿಯೇ ಹೇಳಿದರು. ನೆಂಟರ ಮನೆಗೆ ಹೋಗುವ ಮುಂಚೆ ಅಮ್ಮಾಜಮ್ಮನವರೇ ಅದನ್ನು ಬಟ್ಟೆಯಲ್ಲಿ ಕಟ್ಟಿ ರಾಗಿ ತುಂಬಿಡುವ ವಾಡೆಯೊಳಗೆ ಹೂತಿಟ್ಟು ಮರೆತಿದ್ದರಂತೆ. ಭಾನುವಾರ ರಾಗಿ ತೆಗೆಯುವಾಗ ಕೈಗೆ ಸಿಕ್ಕಿತಂತೆ. ಕಳ್ಳಿಗೆ ಶಿಕ್ಷೆ ಆದ ಮೇಲೆ ಅಮ್ಮನೇ ಸರವನ್ನು ತಂದಿಟ್ಟಳು ಎಂದು ಊರಿನಲ್ಲಿ ಸಾರಿದ್ದಾರೆ, ಮುಂದಿನ ಶುಕ್ರವಾರ ಗುಡಿಗೆ ಹೊಸ ಗಂಟೆ ಕಟ್ಟಿಸುತ್ತಾರೆ ಎಂದರು. ಮುನಿರತ್ನಮ್ಮನಿಗೆ ಹೇಳಿ ಕಳಿಸಿದಿರಾ ಎಂದು ಕೇಳಿದೆ. ಅದಕ್ಕೆ ಅವರು ಕೊಟ್ಟ ಉತ್ತರ:

“ಅವಳಿಗೆ ಹೇಳಿದರೆ ಅಮ್ಮನ ಮಾತು ಸುಳ್ಳಾಗುವುದಿಲ್ಲವೇನಯ್ಯ?”

ನಿಮಗೆ ಯಾವ ಅಮ್ಮನ ಮೇಲೆ ನಂಬಿಕೆ ಇದೆ ಎಂದು ಕೇಳಿದೆ. ಅವರು ನಕ್ಕರು. ಮಾವನವರು ಅವಳೇ ಎಂದು ಮೊದಲೇ ತೀರ್ಮಾನ ಮಾಡಿದ್ದರು, ತಾವು ಸ್ವಲ್ಪ ಕೈಜೋಡಿಸಿದ್ದು ಅಷ್ಟೆ, ಇಷ್ಟು ದೊಡ್ಡ ಗಾಯ ಆಗುತ್ತದೆಂದು ಎಣಿಸಿರಲಿಲ್ಲ, ಕಾಳು ಸ್ವಲ್ಪ ದೊಡ್ಡದಾಯಿತು ಎಂದರು. ಕೊಯ್ದವನು ನೀನು ಎಂಬುದನ್ನು ಮರೆಯಬೇಡ ಎಂದರು. ಆಮೇಲೆ ಮಧ್ಯಾಹ್ನದ ತರಗತಿಗೆ ನೀರಿನ ತೊಟ್ಟಿ ತೊಳೆದಿಡು, ಗೆರೆ ಎಳೆದಿಡು ಎಂದು ಹೇಳಿ ಹೋದರು. ಅವರು ಕುಡಿದಿಟ್ಟ ಲೋಟವನ್ನು ತೊಳೆಯಲು ನನ್ನ ಕೈ ಏಳಲಿಲ್ಲ. ಮಧ್ಯಾಹ್ನ ಗೆರೆ ಎಳೆಯಲಿಲ್ಲ. ಅವರೇ ಎಳೆದುಕೊಂಡರು, ಆರು ಅಡಿ ಸರಿಯಾಗಿ ಅಳೆದು.

ಮಂಗಳವಾರ ಹೆಡ್‌ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ. ಇದು ಹಳ್ಳಿಯ ದೇವರ ವಿಷಯ, ಸ್ಕೂಲಿಗೆ ಸಂಬಂಧವಿಲ್ಲ, ಶುಕ್ರವಾರದ ಒಳಗೆ ಬುದ್ಧಿ ಬಂದರೆ ಕೆಲಸ ಇರುತ್ತದೆ ಎಂದರು. ಬುಧವಾರ ನಾನು ಬೀರುವಿನಿಂದ ಸೋಡಿಯಂ ಸೀಸೆಯನ್ನು ಯಾರನ್ನೂ ಕೇಳದೆ ಮನೆಗೆ ತೆಗೆದುಕೊಂಡು ಹೋದೆ. ಇದು ತಪ್ಪು ಎಂದು ನನಗೆ ಗೊತ್ತಿದೆ. ಸೀಸೆಯನ್ನೂ, ಮೆಗ್ನೀಷಿಯಂ ಪಟ್ಟಿಯ ಉಳಿಕೆಯನ್ನೂ, ಅರಿಶಿನ ಕೆಂಪಾಗಿ ಕಲೆ ಉಳಿದಿರುವ ನನ್ನ ಟವೆಲನ್ನೂ ಈಗ ಠಾಣೆಗೆ ಒಪ್ಪಿಸಿದ್ದೇನೆ.

ತಾರೀಖು 17ನೇ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಸೀಸೆಯ ಜೊತೆ ಆಸ್ಪತ್ರೆಗೆ ಹೋದೆ. ಮುನಿಸ್ವಾಮಪ್ಪ ಹೊರಗೇ ಸಿಕ್ಕಿ, ಅವಳು ಆರು ದಿನದಿಂದ ಎರಡು ಗುಟುಕು ಗಂಜಿ ಬಿಟ್ಟು ಏನನ್ನೂ ಮುಟ್ಟಿಲ್ಲ, ನೋವಿಗಲ್ಲ, ಬೇರೆ ಏನೋ ಯೋಚನೆ ಎಂದು ಹೇಳಿದ. ಸರ ಸಿಕ್ಕ ಸುದ್ದಿಯನ್ನು ನಾನೇ ಅವಳಿಗೆ ಹೇಳಿದೆ. ಅವಳಿಗೆ ಸಂತೋಷವಾಗಲಿಲ್ಲ. ತಾನು ಕದ್ದಿಲ್ಲವೆಂಬುದು ತನಗೆ ಮೊದಲೇ ಗೊತ್ತಿತ್ತು ಎಂದಳು. ಆಮೇಲೆ ಕೇಳಿದಳು:

“ಕದ್ದಿಲ್ಲ ಅಂದ್ಮೇಲೆ ಅಮ್ಮ ಯಾಕಣ್ಣ ನನ್ನೇ ಸುಟ್ಳು? ನಾಕ್ ಜನಕ್ಕೂ ಏನೂ ಮಾಡ್ಲಿಲ್ಲ.”

ಎಂಟು ವರ್ಷದವಳಿದ್ದಾಗ ಯಾರದೋ ತೋಪಿನಲ್ಲಿ ಮಡಿಲು ತುಂಬ ಹುಣಸೆಹಣ್ಣು ಆಯ್ದದ್ದು, ಅತ್ತೆಗೆ ಒಂದು ಸಲ ಎದುರು ಮಾತಾಡಿದ್ದು, ಮುಟ್ಟಾದ ದಿನ ತಿಳಿಯದೆ ಗುಡಿಯ ಮುಂದೆ ಹಾದದ್ದು, ಎಲ್ಲವನ್ನೂ ಮಲಗಿದಲ್ಲೇ ಒಂದೊಂದಾಗಿ ಹುಡುಕಿ ನೋಡಿದ್ದಳು. ಇವುಗಳಲ್ಲಿ ಯಾವುದಕ್ಕೆ ಈ ಶಿಕ್ಷೆ ಎಂದು ಅವಳಿಗೆ ತಿಳಿಯದೆ ಊಟ ಸೇರುತ್ತಿರಲಿಲ್ಲ. ಬೆರಳು ಹೋದದ್ದಕ್ಕಿಂತ ಇದನ್ನು ಕೇಳಿ ನನಗೆ ಆ ಮೇಷ್ಟರ ಮೇಲೆ ಹೆಚ್ಚು ಹೇಸಿಗೆ ಆಯಿತು. ನನ್ನ ಮೇಲೂ ಆಯಿತು.

ನಾನು ಅವಳನ್ನು ವರಾಂಡಕ್ಕೆ ಕರೆತಂದು ಕೂರಿಸಿದೆ. ಗಾಜಿನ ಪಾತ್ರೆಯಲ್ಲಿ ನಲ್ಲಿ ನೀರು ಹಿಡಿದು ನಾಲ್ಕು ಗಜ ದೂರದಲ್ಲಿ ನೆಲದ ಮೇಲಿಟ್ಟೆ. ಸೀಸೆಯಿಂದ ರಾಗಿಕಾಳಿನಷ್ಟು ಸೋಡಿಯಂ ಕೊಯ್ದು ಅದರೊಳಗೆ ಹಾಕಿದೆ. ಅದು ಸುಯ್ ಎಂದು ನೀರಿನ ಮೇಲೆಲ್ಲ ಓಡಾಡಿ, ಉಂಡೆಯಾಗಿ ಕರಗಿ, ಕೊನೆಗೆ ಒಂದು ಸಣ್ಣ ಹಳದಿ ಕಿಡಿ ಹಾರಿಸಿ ಇಲ್ಲವಾಯಿತು. ಅವಳು ಹಿಂದಕ್ಕೆ ಸರಿದು ಗಂಡನ ತೋಳು ಹಿಡಿದುಕೊಂಡಳು. ನಂತರ ಅದೇ ನೀರಿಗೆ ಮೆಗ್ನೀಷಿಯಂ ತುಂಡು ಹಾಕಿದೆ, ಅದು ಸುಮ್ಮನೆ ತಳ ಸೇರಿತು. ಆ ನಾಲ್ಕು ಜನಕ್ಕೆ ಕೊಟ್ಟದ್ದು ಇದು, ನಿನಗೆ ಕೊಟ್ಟದ್ದು ಅದು, ಎರಡನ್ನೂ ಮಾಡಿಕೊಟ್ಟವನು ನಾನು, ಆರಿಸಿ ಕೊಟ್ಟವರು ಮೇಷ್ಟರು, ಇದರಲ್ಲಿ ಅಮ್ಮನ ಕೈ ಇಲ್ಲ ಎಂದು ಹೇಳಿದೆ. ಅವಳು ಬಹಳ ಹೊತ್ತು ಪಾತ್ರೆಯನ್ನೇ ನೋಡಿದಳು. ಇನ್ನೊಂದು ಸಲ ಹಾಕು ಎಂದಳು. ಹಾಕಿದೆ. ಅದೂ ಉರಿದು ಹೋದ ಮೇಲೆ ಕೇಳಿದಳು:

“ಈ ನೀರು ಏನ್ ಕದ್ದಿತ್ತಣ್ಣ?”

ಮುನಿಸ್ವಾಮಪ್ಪ ಮುಖ ಮುಚ್ಚಿಕೊಂಡು ಅತ್ತ. ಅವಳು ಅಳಲಿಲ್ಲ. ನನ್ನನ್ನು ಕ್ಷಮಿಸಿದ್ದೇನೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇದನ್ನು ಪೊಲೀಸರ ಮುಂದೆ ಹೇಳುತ್ತೀಯಾ ಎಂದು ಕೇಳಿದಳು. ಹೇಳುತ್ತೇನೆ ಎಂದೆ. ತನ್ನನ್ನು ಕೇಳಲು ಬಂದರೆ ತಾನೂ ಹೇಳುತ್ತೇನೆ, ಪಟೇಲರು ಎದುರಿಗೆ ಕುಳಿತಿದ್ದರೂ ಹೇಳುತ್ತೇನೆ ಎಂದಳು. ಆಮೇಲೆ ಗಂಡನ ಕಡೆ ತಿರುಗಿ, ಮುದ್ದೆ ತಂದಿದ್ದರೆ ಕೊಡು ಎಂದಳು. ಅವನು ಗಣಿ ಕೂಲಿಗಳ ಲೈನಿನ ಮನೆಯಿಂದ ತಂದಿದ್ದ ಮುದ್ದೆ, ಹುರುಳಿಕಾಳಿನ ಸಾರು ಬಿಚ್ಚಿ ತುತ್ತು ಕೊಡಲು ಹೋದ. ಅವಳು ಅವನ ಕೈಯನ್ನು ಸರಿಸಿದಳು. ಎಡಗೈಯಲ್ಲೇ ಮುದ್ದೆ ಮುರಿದು, ಅದು ಒಂದೆರಡು ಸಲ ಜಾರಿ ಬಿದ್ದರೂ ಮತ್ತೆ ಎತ್ತಿಕೊಂಡು, ಪೂರ್ತಿ ಉಂಡಳು. ಅವಳು ಕೈ ತೊಳೆಯುವವರೆಗೆ ನಾನು ಅಲ್ಲೇ ಇದ್ದೆ.

ನಿನ್ನೆ ಶುಕ್ರವಾರ ಸಂಜೆ ಐದು ಗಂಟೆಗೆ ನನ್ನನ್ನು ಕೆಲಸದಿಂದ ತೆಗೆದರು. ಆದ್ದರಿಂದ ಮುನಿನಾರಾಯಣಪ್ಪನವರ ಮೇಲೆ, ಪಟೇಲ ದೊಡ್ಡವೆಂಕಟಪ್ಪನವರ ಮೇಲೆ, ಪೂಜಾರಿ ಚಿಕ್ಕಮುನಿಯಪ್ಪನ ಮೇಲೆ, ನನ್ನ ಪಾಲಿನದಕ್ಕೆ ನನ್ನ ಮೇಲೆಯೂ, ಕಾನೂನು ಹೇಳಿದಂತೆ ಕ್ರಮ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.

ಇದನ್ನು ನಾನು ಹೇಳಿದ ಹಾಗೆಯೇ ಬರೆದಿದ್ದಾರೆ. ನನಗೆ ಓದಿ ಹೇಳಿದರು, ಕೇಳಿ ತಿಳಿದುಕೊಂಡೆ. ಇದರಲ್ಲಿ ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ಕೇಳಿದೆನೆಂದೂ ಹೇಳಿದ್ದೇನೆ, ಸುಳ್ಳು ಸೇರಿಸಿಲ್ಲ.

ಸ್ಥಳ: ಬೌರಿಂಗ್‌ಪೇಟೆ ಪೊಲೀಸ್ ಠಾಣೆ
ತಾರೀಖು: 19-11-1938, ಶನಿವಾರ, ಬೆಳಿಗ್ಗೆ ಹನ್ನೊಂದೂವರೆ ಗಂಟೆ
ರುಜು: ಕೋದಂಡಪ್ಪ